ಅಪ್ಪ ವಿ-ಎಯ್ಟ್ ಇಂಜಿನ್ ಮಾರಿದ ಶುಕ್ರವಾರ

ಇವತ್ತು ಬೆಳಿಗ್ಗೆ ಬಾಟಲಿಯಲ್ಲಿ ತೆಂಗಿನೆಣ್ಣೆ ಗಟ್ಟಿಯಾಗಿತ್ತು. ಹೀಟರಿನ ಪಕ್ಕ ಇಟ್ಟೆ. ಕರಗುವ ವಾಸನೆ ಮೂಗಿಗೆ ತಾಗಿದ್ದೇ ತಡ, ನಾನು ಮತ್ತೆ ಮಗುವಾಗಿ ಕುವೈತಿನ ಶುವೈಖ್‌ನಲ್ಲಿದ್ದ ಅಪ್ಪನ ಗ್ಯಾರೇಜಿನಲ್ಲಿದ್ದೆ.

ಅಲ್ಲಿ ಟಾರ್ಪಾಲಿನಡಿ ಭಾರೀ ಶಕ್ತಿಯ ಹಳೆಯ ಅಮೆರಿಕನ್ ಮಸಲ್ ಕಾರೊಂದರ ಎಂಟು ಸಿಲಿಂಡರಿನ ವಿ-ಎಯ್ಟ್ ಇಂಜಿನ್ ವರ್ಷಗಟ್ಟಲೆ ಮಲಗಿತ್ತು. ತುಕ್ಕು ಹಿಡಿದು ಜಾಮ್ ಆಗದಿರಲೆಂದು ಅಪ್ಪ ಆಗಾಗ ಸಿಲಿಂಡರುಗಳಿಗೆ ಎಣ್ಣೆ ಬಿಟ್ಟು ಕೈಯಲ್ಲೇ ತಿರುಗಿಸಿಡುತ್ತಿದ್ದರು. ಕೊನೆಗೂ ಅದನ್ನು ಬಿಚ್ಚಿ ಹೊಸದಾಗಿ ಕಟ್ಟುವ ಹುಚ್ಚಿನ ಕುವೈತಿ ಒಬ್ಬ ಸಿಕ್ಕಿದ. "ಓಡುದಿಲ್ಲ. ಆದರೆ ತಿರುಗ್ತದೆ" ಎಂದು ಅಪ್ಪ ಅವನಿಗೆ ಮಾತು ಕೊಟ್ಟಿದ್ದರು.

ಚಳಿಯ ಆ ಶುಕ್ರವಾರ ಅವನೆದುರಿಗೆ ಅಪ್ಪ ಉದ್ದನೆಯ ಸ್ಪ್ಯಾನರ್ ಹಾಕಿ ಎಳೆದರು. ಇಂಜಿನ್ ಮಿಸುಕಲಿಲ್ಲ. ಮತ್ತೆ ಎಳೆದರು. ಕುತ್ತಿಗೆಯ ನರ ಉಬ್ಬಿತು.

"ಖಲಾಸ್," ಎಂದ ಕುವೈತಿ. "ಇಂಜಿನ್ ಖಲಾಸ್. ನಿನ್ನ ಮಾತೂ ಖಲಾಸ್."

ಅಪ್ಪ ತಲೆ ತಗ್ಗಿಸಿದ್ದನ್ನು ನಾನು ಅದುವರೆಗೆ ನೋಡಿರಲಿಲ್ಲ. ಕುವೈತಿ ಬಾಗಿಲು ದಾಟುವುದರೊಳಗೆ ನಾನು ಬಾಯಿಬಿಡಬೇಕಿತ್ತು.

"ಪಪ್ಪಾ, ಐ ಪುಟ್ ತೆಂಗಿನೆಣ್ಣೆ."

"ಎಂತ?"

"ಸೆಕೆಗಾಲದಲ್ಲಿ ನೀವೇ ಎಣ್ಣೆ ಬಿಡು ಅಂದ್ರಲ್ಲ."

ನಮ್ಮ ಮನೆಯಲ್ಲಿ ಎಣ್ಣೆ ಎಂದರೆ ತೆಂಗಿನೆಣ್ಣೆ ಒಂದೇ. ಒಡೆದ ಕೈಗೆ ಹಚ್ಚಲು ಅಪ್ಪ ಗ್ಯಾರೇಜಿನಲ್ಲಿಟ್ಟಿದ್ದ ಬಾಟಲಿಯನ್ನು ನಾನು ಸಿಲಿಂಡರುಗಳಿಗೆ ಪೂರ್ತಿ ಸುರಿದಿದ್ದೆ.

ಅಪ್ಪ ಬೈಯಲಿಲ್ಲ. ಕುವೈತಿಯನ್ನು ಕೈಮಾಡಿ ನಿಲ್ಲಿಸಿ, ಹೀಟರನ್ನು ಇಂಜಿನ್ನಿಗೆ ತಾಗಿಸಿಟ್ಟರು. ಮೂವರೂ ಕಾದೆವು. ನಿಧಾನವಾಗಿ ಅಡುಗೆಮನೆಯ ವಾಸನೆ ಎದ್ದಿತು. ಅಪ್ಪ ಮತ್ತೆ ಸ್ಪ್ಯಾನರ್ ಹಾಕಿ ಎಳೆದರು. ಇಂಜಿನ್ ನರಳುತ್ತ ತಿರುಗಿತು.

ಬಾಟಲಿಯ ಎಣ್ಣೆ ಈಗ ಕರಗಿದೆ. ಅಪ್ಪನ ಮೊಣಕಾಲಿಗೆ ತಿಕ್ಕುತ್ತ, "ಹೇಗುಂಟು ಪಪ್ಪಾ?" ಎಂದೆ.

ಕಾಲನ್ನು ಮೆಲ್ಲಗೆ ಆಡಿಸಿ ನೋಡಿದರು. "ಓಡುದಿಲ್ಲ. ಆದರೆ ತಿರುಗ್ತದೆ."