ಡಿಸ್ಕಿಗೆ ಸಿಕ್ಕ ಹಿಡಿಕೆ

ಸೈಕಲ್ ಕಾರ್ಖಾನೆಯ ಪರೀಕ್ಷಾ ಕೊಠಡಿಯಲ್ಲಿ ಹತ್ತೊಂಬತ್ತು ವರ್ಷ ಸವೆಸಿದ ಆಕೆಯನ್ನು ಎಲ್ಲರೂ ಬ್ರೇಕಕ್ಕ ಎಂದೇ ಕರೆಯುತ್ತಿದ್ದರು. ಚಕ್ರ ತಿರುಗಿಸಿ, ಬ್ರೇಕ್ ಹಿಡಿದು ಕಿವಿಗೊಟ್ಟರೆ ಸಾಕು, ಯಂತ್ರ ಅಂಕಿ ತೋರಿಸುವ ಮೊದಲೇ ಎಲ್ಲಿ ಎಡವಟ್ಟಾಗಿದೆ ಎಂದು ಹೇಳಿಬಿಡುವವಳು.

ಆ ವರ್ಷ ಹೊಸ ಮಾದರಿ ಬಂತು. ಮುಂದಿನ ಚಕ್ರಕ್ಕೆ ಡಿಸ್ಕ್ ಬ್ರೇಕ್. ಸ್ಪ್ಯಾನರ್ ಇಲ್ಲದೆ ಚಕ್ರ ಬಿಚ್ಚಲು ಅದರ ಪಕ್ಕದಲ್ಲೇ ಬೆರಳುದ್ದದ ಹಿಡಿಕೆ. ಮಡಚಿ ಬಿಗಿ ಮಾಡಿದರೆ ತೊಂದರೆಯಿಲ್ಲ. ಸಡಿಲ ಬಿಟ್ಟು ತಿರುಗಿಸಿದಾಗ ಮಾತ್ರ ಹಿಡಿಕೆ ವಾಲಿ, ಚಕ್ರದ ಜೊತೆ ತಿರುಗುವ ಡಿಸ್ಕಿನ ತೂತಿಗೆ ಸಿಕ್ಕಿಕೊಂಡಿತು. ಚಕ್ರ ಗಕ್ಕನೆ ನಿಂತಿತು. ಹತ್ತು ಸೈಕಲ್‌ಗಳಲ್ಲಿ ಆರು ಹಾಗೇ ಮಾಡಿದವು.

ವರದಿಯನ್ನು ಮೇಲ್ವಿಚಾರಕರ ಮುಂದಿಟ್ಟಳು.

"ಹಿಡಿಕೆ ಬಿಚ್ಕೊಂಡು ಯಾರಮ್ಮ ಸೈಕಲ್ ಹೊಡೀತಾರೆ?" ಎಂದರು ಅವರು. "ನಿಯಮದಲ್ಲಿ ಈ ಪರೀಕ್ಷೆನೇ ಇಲ್ಲ."

"ಮರೆಯೋರು ಇರ್ತಾರಲ್ಲ ಸಾರ್."

"ನಿಮ್ಮನ್ನ ಕೇಳಿದ್ದು ಬ್ರೇಕ್ ಹಿಡಿಯುತ್ತಾ ಅಂತ. ಹಿಡಿಯುತ್ತಲ್ಲ?"

ಹಿಡಿಯುತ್ತಿತ್ತು. ಪಾಸಾಯಿತೆಂಬ ಕಾಗದಕ್ಕೆ ಸಹಿ ಹಾಕಿದಳು. ಆಮೇಲೆ ಹಿಡಿಕೆಯ ಬಗ್ಗೆ ಮೇಲಿನವರಿಗೆ ಇನ್ನೆರಡು ಸಲ ಬರೆದಳು, ಉತ್ತರ ಬರಲಿಲ್ಲ.

ಮರುವರ್ಷ, ಅಂಗಡಿ ಬೋರ್ಡುಗಳನ್ನು ಬರೆಯುತ್ತಿದ್ದ ಅವಳ ತಂಗಿಯ ಗಂಡ ಅದೇ ಸೈಕಲ್ ಕೊಂಡ. "ಅತ್ತಿಗೆ ಪಾಸ್ ಮಾಡಿರೋ ಗಾಡಿ, ಕಣ್ಮುಚ್ಕೊಂಡು ತಗೊಂಡೆ" ಎಂದ. ಹಿಡಿಕೆ ಮಡಚುವುದನ್ನು ಆಕೆ ಅವನಿಗೆ ಮೂರು ಸಲ ತೋರಿಸಿದಳು. ಯಾಕೆಂದು ಮಾತ್ರ ಹೇಳಲು ಬಾಯಿ ಬರಲಿಲ್ಲ; ಸಹಿ ತನ್ನದೇ ಆಗಿತ್ತು.

"ನಾನೇನು ಚಿಕ್ಕ ಮಗುನಾ ಅತ್ತಿಗೆ?" ಎಂದು ಅವನು ನಕ್ಕ.

ಒಂದು ಬೆಳಿಗ್ಗೆ ಮುಂದಿನ ಚಕ್ರ ಬಿಚ್ಚಿ ಪಂಕ್ಚರ್ ಹಾಕಿಕೊಂಡು ಅವಸರದಲ್ಲಿ ಹೊರಟ. ಹಿಡಿಕೆ ಪೂರ್ತಿ ಮಡಚಿರಲಿಲ್ಲ. ಇಳಿಜಾರಿನಲ್ಲಿ ಚಕ್ರ ಕಚ್ಚಿಕೊಂಡಿತು. ಜೀವ ಉಳಿಯಿತು, ಕುತ್ತಿಗೆಯಿಂದ ಕೆಳಗೆ ಏನೂ ಆಡಲಿಲ್ಲ.

ಆಸ್ಪತ್ರೆಯ ಬೆಂಚಿನ ಮೇಲೆ ತಂಗಿ ಕೇಳಿದಳು, "ಅಕ್ಕಾ, ನಿಂಗೆ ಮೊದ್ಲೇ ಗೊತ್ತಿತ್ತಾ?"

"ಗೊತ್ತಿತ್ತು. ಮೂರು ಸಲ ಬರೆದೆ."

"ನಮ್ಗೆ ಹೇಳ್ಬಹುದಿತ್ತಲ್ಲ."

ತಂಗಿ ಬೈದಿದ್ದರೆ ಬ್ರೇಕಕ್ಕನಿಗೆ ಎಷ್ಟೋ ಚೆನ್ನಾಗಿತ್ತು. "ಅವರಿಗೆ ನೀರು ಕುಡಿಸೋ ಹೊತ್ತಾಯ್ತು" ಎಂದು ತಂಗಿ ಎದ್ದು ಒಳಗೆ ಹೋದಳು.

ಬೇರೆ ಊರುಗಳಲ್ಲೂ ಜನ ಬಿದ್ದ ಮೇಲೆ ಕಾರ್ಖಾನೆ ಪ್ರಕಟಣೆ ಹೊರಡಿಸಿತು: ಸೈಕಲ್ ತಂದರೆ ಹಿಡಿಕೆ ಪುಕ್ಕಟೆ ಬದಲಿಸಲಾಗುವುದು. ಹತ್ತರಲ್ಲಿ ಒಬ್ಬರೂ ತರಲಿಲ್ಲ. ರಜೆಯ ದಿನಗಳಲ್ಲಿ ಬ್ರೇಕಕ್ಕ ಮಾರುಕಟ್ಟೆಯ ಮುಂದೆ ನಿಲ್ಲಿಸಿದ ಸೈಕಲ್‌ಗಳನ್ನು ಬಗ್ಗಿ ಬಗ್ಗಿ ನೋಡತೊಡಗಿದಳು.

"ಏನ್ರೀ, ನನ್ನ ಸೈಕಲ್ ಹತ್ರ ಏನ್ ಮಾಡ್ತಿದೀರಾ?" ಎಂದು ಒಬ್ಬ ಹೆಂಗಸು ಓಡಿಬಂದಳು.

"ಈ ಹಿಡಿಕೆ ಬದಲಾಯಿಸ್ಕೊಳ್ಳಿ ಅಮ್ಮ. ದುಡ್ಡು ಕೇಳಲ್ಲ. ನಮ್ಮನೇಲೇ ಒಬ್ರು..."

"ಚೆನ್ನಾಗೇ ಓಡ್ತಿದೆ ಬಿಡಿ."

ಹ್ಯಾಂಡಲ್‌ಗೆ ತರಕಾರಿ ಚೀಲ ಸಿಕ್ಕಿಸಿ ಆ ಹೆಂಗಸು ಪೆಡಲ್ ತುಳಿದು ಜನರ ನಡುವೆ ಹೋಗಿಯೇಬಿಟ್ಟಳು.