ಹಕ್ಕಿಗೆ ರೆಕ್ಕೆ ಇದೆಯಲ್ಲಮ್ಮ

ನಮ್ಮ ಬಡಾವಣೆಯ ಡಾಕ್ಟರ್ ಅಂಕಲ್ ಮೇಲೆ ನನಗೆ ಈಗಲೂ ಸಿಟ್ಟಿದೆ. ಅವರು ಕೆಟ್ಟವರಲ್ಲ. ಕೋವಿಡ್ ಸಮಯದಲ್ಲಿ ನನ್ನ ಗಂಡನಿಗೆ ಉಸಿರಾಟ ಕಷ್ಟವಾದಾಗ ದಿನಕ್ಕೆ ಮೂರು ಸಲ ಫೋನ್ ಮಾಡಿ ವಿಚಾರಿಸಿಕೊಂಡವರು. ಕೆಟ್ಟವರಾಗಿದ್ದರೆ ಎಂದೋ ಮರೆತುಬಿಡುತ್ತಿದ್ದೆನೇನೋ.

ಅಮೆರಿಕದ ಏಪೆಕ್ಸ್ ಎಂಬ ಊರಿನಲ್ಲಿ ನಮ್ಮ ಮನೆಗಳ ಹಿಂದೆ ಒಂದು ತೊರೆ ಇದೆ, ಅದರ ಎರಡೂ ಬದಿಗೆ ಹೆಚ್ಚು ಅಗಲವಿಲ್ಲದ ಒಂದು ಕಾಡಿನ ಪಟ್ಟಿ. ನಾನು ಔಷಧ ಕಂಪನಿಯೊಂದರಲ್ಲಿ ಅಂಕಿಅಂಶ ನೋಡುವವಳು. ಮನೆಯಿಂದಲೇ ಕೆಲಸ ಮಾಡಬೇಕಾಗಿ ಬಂದ ಆ ದಿನಗಳಲ್ಲಿ, ಬೆಳಿಗ್ಗೆ ಮೀಟಿಂಗುಗಳಿಗೆ ಮುಂಚೆ ಅಲ್ಲಿ ನಡೆಯಲು ಹೋಗುತ್ತಿದ್ದೆ. ಆಗಷ್ಟೇ ಆಸ್ಪತ್ರೆಯ ಕೆಲಸದಿಂದ ನಿವೃತ್ತರಾಗಿದ್ದ ಅಂಕಲ್ ಕತ್ತಿಗೆ ಬೈನಾಕ್ಯುಲರ್ ಹಾಕಿಕೊಂಡು ನಿಂತಿರುತ್ತಿದ್ದರು. ಮೊದಲು ಕಿವಿಯಿಂದ ಹಕ್ಕಿಯನ್ನು ಹುಡುಕಬೇಕು, ಕಣ್ಣು ಆಮೇಲೆ ಎಂದು ನನಗೆ ಹೇಳಿಕೊಟ್ಟವರು ಅವರೇ. ಅಲ್ಲಿ ಏಪ್ರಿಲ್ ಕೊನೆಗೆ ಬಂದು, ಚಳಿಗಾಲಕ್ಕೆ ದಕ್ಷಿಣದ ದೇಶಗಳಿಗೆ ಹೋಗುವ ವುಡ್ ಥ್ರಶ್ ಎಂಬ ಹಕ್ಕಿಯನ್ನು ತೋರಿಸಿದವರೂ ಅವರೇ. ಕಂದು ಬೆನ್ನು, ಬಿಳಿ ಎದೆಯ ತುಂಬ ಚುಕ್ಕೆ; ನೋಡಲು ಸಾಧಾರಣ, ಹಾಡತೊಡಗಿದರೆ ನಡೆಯುವವರು ನಿಂತುಬಿಡಬೇಕು.

ವಾಷಿಂಗ್ಟನ್ ಹತ್ತಿರದ ಒಂದು ಸಣ್ಣ ಸಂಸ್ಥೆ ಕೋಸ್ಟಾರಿಕಾಗೆ ಹಕ್ಕಿ ನೋಡುವ ಪ್ರವಾಸ ಕರೆದೊಯ್ಯುತ್ತದೆ, ಅದರಿಂದ ಬಂದದ್ದರಲ್ಲಿ ಒಂದು ಪಾಲು ಅಲ್ಲಿನ ಕಾಡು ಉಳಿಸಲು ಹೋಗುತ್ತದೆ ಎಂದು ಒಂದು ಚಳಿಗಾಲ ಅವರು ಹೇಳಿದರು. ಫೆಬ್ರವರಿಯಲ್ಲಿ ಎಂಟು ಜನ ಹೋದೆವು. ನಮ್ಮನ್ನು ಕಾಡಿನಲ್ಲಿ ನಡೆಸಿದವಳು ಐವತ್ತರ ಆಸುಪಾಸಿನ ಒಬ್ಬ ಹೆಂಗಸು. ದೊಡ್ಡ ಮರಗಳ ನೆರಳಿನಲ್ಲಿ ಕೋಕೋ ಬೆಳೆಯುವ ಮನೆತನ ಅವಳದು. ಸುತ್ತಲಿನವರೆಲ್ಲ ಮರ ಕಡಿದು ಅನಾನಸ್ ಹಾಕಿದರೂ ಇವಳು ಕಡಿಯಲಿಲ್ಲ. ನಮ್ಮಂಥವರು ಬರುವುದರಿಂದಲೇ ಹಾಗೆ ಉಳಿಯಲು ಸಾಧ್ಯವಾಗಿದೆ ಎಂದಳು. ಆ ಪ್ರವಾಸ ಬೂಟಾಟಿಕೆಯದಲ್ಲ, ಅದನ್ನು ನಾನು ಕಣ್ಣಾರೆ ನೋಡಿದ್ದೇನೆ.

ಮೂರನೆಯ ಬೆಳಿಗ್ಗೆ ಅವಳು ತರಗೆಲೆಗಳ ಕಡೆ ಬೆರಳು ತೋರಿಸಿದಳು. ಅಲ್ಲಿ ವುಡ್ ಥ್ರಶ್ ಎಲೆ ಮಗುಚಿ ಹುಳ ಹೆಕ್ಕುತ್ತಿತ್ತು, ಹಾಡಿಲ್ಲದೆ, ತನ್ನ ಪಾಡಿಗೆ. ಅಂಕಲ್ ಬೈನಾಕ್ಯುಲರ್ ಇಳಿಸಿ ಕಣ್ಣೊರೆಸಿಕೊಂಡರು. ಇದು ನಮ್ಮ ಮನೆ ಹಿಂದೆ ಗೂಡು ಕಟ್ಟುವ ಹಕ್ಕಿ ಎಂದು ಅವಳಿಗೆ ಹೇಳಿದರು. ನಾನು ಚಳಿಗಾಲದಲ್ಲಿ ನೋಡಿಕೊಳ್ಳುತ್ತೇನೆ, ಬೇಸಿಗೆಯಲ್ಲಿ ನೀವು ನೋಡಿಕೊಳ್ಳಿ ಎಂದಳು ಅವಳು. ಅಂಕಲ್ ಅವಳ ಕೈಯನ್ನು ಎರಡೂ ಕೈಯಲ್ಲಿ ಹಿಡಿದು ಮಾತು ಕೊಟ್ಟರು. ನಾನು ಪಕ್ಕದಲ್ಲೇ ನಿಂತಿದ್ದೆ.

ಮೇ ತಿಂಗಳ ಮೂರನೆಯ ವಾರ ತೊರೆಯ ದಂಡೆಯ ಮರಗಳಿಗೆ ಗುಲಾಬಿ ಬಣ್ಣದ ರಿಬ್ಬನ್ ಕಟ್ಟಿತ್ತು. ಮನೆಗಳ ಕಡೆಯ ಪೊದೆ, ಎಳೆ ಮರಗಳನ್ನೆಲ್ಲ ತೆಗೆದು ಹುಲ್ಲು ಹಾಕಿ ನಡೆದಾಡುವ ದಾರಿ ಮಾಡುತ್ತಾರಂತೆ. ಮಾಡಿಸುತ್ತಿದ್ದದ್ದು ಬಡಾವಣೆಯ ಮನೆ ಮಾಲೀಕರ ಸಂಘ. ಸಂಘದ ಅಧ್ಯಕ್ಷರು ಅಂಕಲ್. ಆ ಎಳೆ ಮರಗಳಲ್ಲೊಂದರ ಕವಲಿನಲ್ಲಿ ಗೂಡಿತ್ತು, ಅದರಲ್ಲಿ ಮೂರು ನೀಲಿ ಮೊಟ್ಟೆ. ನಾನು ನೇರ ಅವರ ಮನೆಗೆ ಹೋದೆ.

ಆಂಟಿ ಕಾಫಿ ತಂದಿಟ್ಟರು. ಆಗಸ್ಟ್ ತನಕ ನಿಲ್ಲಿಸಿ ಎಂದು ಕೇಳಿದೆ. ಹೋದ ವರ್ಷ ಅಲ್ಲೇ ಒಬ್ಬರ ನಾಯಿಗೆ ಹಾವು ಕಚ್ಚಿತ್ತು, ಮೊಮ್ಮಗಳ ಮೈಮೇಲೆ ರಕ್ತ ಹೀರುವ ಉಣ್ಣೆಹುಳ ಸಿಕ್ಕಿತ್ತು ಎಂದು ಅವರು ವಿವರಿಸಿದರು. ಅದೆಲ್ಲ ನಿಜವೇ. ಎರಡು ಮೂರು ತಿಂಗಳು ಕಾಯಲು ಏನು ಕಷ್ಟ ಎಂದು ಮತ್ತೆ ಕೇಳಿದೆ.

"ಕಾಂಟ್ರಾಕ್ಟ್ ಜನವರಿಯಲ್ಲೇ ಸೈನ್ ಆಗಿದೆ ಕಣಮ್ಮ. ಈಗ ಡಿಲೇ ಮಾಡಕ್ಕಾಗಲ್ಲ. ಹಕ್ಕಿಗೆ ರೆಕ್ಕೆ ಇದೆಯಲ್ಲಮ್ಮ, ಪಕ್ಕದ ಕಾಡಿಗೆ ಹೋಗುತ್ತೆ ಬಿಡು."

"ಮೊಟ್ಟೆಗೆ ರೆಕ್ಕೆ ಇರಲ್ಲ ಅಂಕಲ್," ಅಂದೆ.

ನನ್ನ ತಲೆಯಲ್ಲಿ ಒಂದೇ ಮಾತು ಸುತ್ತುತ್ತಿತ್ತು: ಜನವರಿ. ಫೆಬ್ರವರಿಯಲ್ಲಿ ಆ ಹೆಂಗಸಿನ ಕೈ ಹಿಡಿದು ನಿಂತಾಗ ಇವರು ಸಹಿ ಹಾಕಿಯಾಗಿತ್ತು. ಕಣ್ಣೊರೆಸಿಕೊಂಡಾಗಲೂ ಆಗಿತ್ತು. ನಾಟಕ ಮಾಡಿದ್ದರೆ ಕ್ಷಮಿಸಬಹುದಿತ್ತು. ಆದರೆ ಆ ಕಣ್ಣೀರು ನಿಜವಾದದ್ದು. ಆ ಕಾಡು, ಈ ಕಾಡು ಬೇರೆ ಬೇರೆ ಎಂದು ಅಷ್ಟು ಓದಿದ ಮನುಷ್ಯ ನಂಬಿಕೊಂಡಿದ್ದರಲ್ಲ, ಅದು ನನಗೆ ತಡೆಯಲಾಗಲಿಲ್ಲ. ಕಾಫಿ ಮುಟ್ಟದೆ ಎದ್ದು ಬಂದೆ. ಮನೆಗೆ ಬಂದು ಹಳೆಯ ಈಮೇಲ್ ಹುಡುಕಿದೆ. ಜನವರಿಯ ಸಭೆಗೆ ನನಗೂ ಕರೆ ಬಂದಿತ್ತು. ನಾನು ತೆರೆದೇ ಇರಲಿಲ್ಲ. ಆ ಸಿಟ್ಟನ್ನು ಯಾರ ಮೇಲೆ ತೀರಿಸಿಕೊಳ್ಳಲಿ?

ಸೋಮವಾರ ಯಂತ್ರ ಬಂತು. ರಜೆ ಹಾಕಿ ಹೋಗಿ ಆ ಮರದ ಮುಂದೆ ನಿಂತೆ. ಯಂತ್ರ ಓಡಿಸುತ್ತಿದ್ದವರು ನನಗಿಂತ ಹಿರಿಯರು, ಹೊಂಡುರಾಸಿನವರೆಂದು ಆಮೇಲೆ ತಿಳಿಯಿತು. ನಾನು ಗೂಡು ತೋರಿಸಿದೆ. ಅವರು ಯಂತ್ರ ಆರಿಸಿ, ಇಳಿದು ಬಂದು, ಟೋಪಿ ತೆಗೆದು ನೋಡಿದರು. ನಾನು ವಾದಿಸಬೇಕಾಗಲೇ ಇಲ್ಲ. ತಮ್ಮ ಮೇಲಿನವರಿಗೆ ಫೋನ್ ಮಾಡಿ ಸ್ಪ್ಯಾನಿಷ್‌ನಲ್ಲಿ ಬಹಳ ಹೊತ್ತು ಮಾತಾಡಿ, ಆ ಮರವನ್ನೂ ಅದರ ಸುತ್ತ ಹತ್ತು ಹೆಜ್ಜೆ ಜಾಗವನ್ನೂ ಬಿಟ್ಟರು. ಉಳಿದದ್ದೆಲ್ಲ ಮಧ್ಯಾಹ್ನದೊಳಗೆ ಪುಡಿಯಾಯಿತು.

ಹತ್ತು ಹೆಜ್ಜೆ ಸಾಕಾಗಲಿಲ್ಲ. ಬಟಾಬಯಲಿನ ನಡುವೆ ಆ ಒಂದು ಮರಕ್ಕೆ ಹಕ್ಕಿಗಳು ಮರಳಲಿಲ್ಲ. ಮೊಟ್ಟೆಗಳು ಒಂಬತ್ತು ದಿನ ಹಾಗೇ ಇದ್ದವು, ಹತ್ತನೆಯ ದಿನ ಇರಲಿಲ್ಲ. ಕಾಗೆಯೋ ರಕೂನ್ ಎಂಬ ಕಾಡುಪ್ರಾಣಿಯೋ ತಿಂದಿರಬೇಕು.

ಆ ಅಕ್ಟೋಬರಿನ ಸಭೆಗೆ ನಾನು ಒಂದು ಹಾಳೆ ಬರೆದುಕೊಂಡು ಹೋದೆ. ಏಪ್ರಿಲ್‌ನಿಂದ ಆಗಸ್ಟ್‌ವರೆಗೆ ಯಾವ ಗಿಡವನ್ನೂ ಕಡಿಯಕೂಡದು ಎಂಬ ನಿಯಮ ಬೇಕೆಂದು ಕೇಳಿದೆ. ಹಾವಿನ ಮಾತು ಮತ್ತೆ ಬಂತು. ಮನೆಗಳ ಬೆಲೆಯ ಮಾತೂ ಬಂತು. ಕೊನೆಗೆ ಕೈ ಎತ್ತಿಸಿದಾಗ ಅಧ್ಯಕ್ಷರ ಕುರ್ಚಿಯಲ್ಲಿದ್ದ ಅಂಕಲ್, ನನ್ನ ಕಡೆ ನೋಡದೆ, ನಿಯಮದ ಪರವಾಗಿ ಕೈ ಎತ್ತಿದರು. ಅವರನ್ನು ನೋಡಿ ಇನ್ನೂ ಕೆಲವರು ಎತ್ತಿದರು. ನಿಯಮ ಆಯಿತು.

ಕಾರಿನಲ್ಲಿ ಬರುವಾಗ, ಸಭೆಗೆ ನನ್ನ ಜೊತೆ ಬಂದಿದ್ದ ಮಗಳು, ಅಂಕಲ್‌ಗೆ ಥ್ಯಾಂಕ್ಸ್ ಹೇಳಬೇಕಿತ್ತು ಎಂದು ಇಂಗ್ಲಿಷಿನಲ್ಲಿ ಬುದ್ಧಿ ಹೇಳಿದಳು. ನನಗನ್ನಿಸಿದ್ದೇ ಬೇರೆ: ಕೈ ಎತ್ತಿದವರು ಮಾತನ್ನೂ ಆಡಬಹುದಿತ್ತು, ಹೀಗಾಯಿತು, ತಪ್ಪಾಯಿತು ಎಂದು ಅಷ್ಟು ಜನರ ಮುಂದೆ ಒಂದು ಸಾಲು. ಅದನ್ನು ಅವರು ಇಂದಿಗೂ ಆಡಿಲ್ಲ. ಸಂಕ್ರಾಂತಿಗೆ ಆಂಟಿ ಎಳ್ಳುಬೆಲ್ಲದ ಜೊತೆ, ಮುಂದಿನ ಪ್ರವಾಸ ಈಕ್ವೆಡಾರ್‌ಗೆ, ನೀನೂ ಬಾ ಎಂದು ಅಂಕಲ್ ಅನ್ನುತ್ತಿದ್ದಾರೆ ಎಂಬ ಸುದ್ದಿಯನ್ನೂ ತಂದರು. ಎಳ್ಳುಬೆಲ್ಲ ಇಸಿದುಕೊಂಡೆ. ಬರುವುದಿಲ್ಲ ಅಂದೆ.