ಮಾಟಗಾತಿಯ ಕಾದಂಬರಿಗೆ ಬೀಗ

ಗೆಳೆಯರೇ, ಸೊರಬದ ನಮ್ಮ ಮಹಿಳಾ ಓದುಕೂಟಕ್ಕೆ ಕೊಡುತ್ತೇವೆಂದದ್ದು ಸಮುದಾಯ ಭವನದ ಕೊಠಡಿ, ಹತ್ತು ಕುರ್ಚಿ. ಇಂದು ಕೊಟ್ಟದ್ದು ಬಾಗಿಲಿಗೆ ಬೀಗ. ಕಾರಣ, ನಾವು ಓದುತ್ತಿರುವ ಕಾದಂಬರಿಯ ನಾಯಕಿ ಮಾಟಗಾತಿ.

"ಹೆಣ್ಮಕ್ಕಳಿಗೆ ಮಾಟ ಕಲಿಸ್ತೀರೇನ್ರೀ?" ಎಂದರು ಭವನದ ಕಾರ್ಯದರ್ಶಿ. ಮೌಢ್ಯದ ವಿರುದ್ಧ ಬೀದಿಯಲ್ಲಿ ಗಂಟಲು ಹರಿದುಕೊಂಡ ನನಗೆ ಈ ಪ್ರಶ್ನೆ!

ನಾನು ಬಾಯಿ ತೆರೆಯುವ ಮೊದಲೇ ನಮ್ಮ ಕೂಟದ, ಹೊಸಬಾಳೆಯ ಗಂಗಮ್ಮ ಮುಂದೆ ಬಂದರು. "ಇದ್ರಲ್ಲಿ ಅವಳು ಸೊಪ್ಪು ಬೇಯ್ಸಿ, ಕೂಗಿ ಕರ್ದು ಕಾಡಿಗೆ ಉಣ್ಣಿಸ್ತಾಳೆ. ಭೂಮಿ ಹುಣ್ಣಿಮೆ ದಿನ ಭೂತಾಯಿಗೆ ಉಣ್ಸೋಕೆ ನೀವೂ ಗದ್ದೇಲಿ ಸೊಪ್ಪಿನಡಿಗೆ ಬೀರ್ತಾ ಕೂಗಲ್ವೇನ್ರೀ? ನೀವೇನು ಮಾಟಗಾರ್ರಾ?"

ಕಾರ್ಯದರ್ಶಿ ಬೀಗ ತೆರೆದರು. "ಮೊದ್ಲು ನಾನು ಓದಿ ನೋಡ್ತೀನಿ" ಎಂದು ಪುಸ್ತಕ ಒಯ್ದರು. ಈಗಷ್ಟೇ ಫೋನು ಮಾಡಿದ್ದರು: "ಕೊನೇಗೆ ಅವಳಿಗೇನೂ ಆಗಲ್ಲ ತಾನೇ?"

ಹೇಳಲಿಲ್ಲ. ಭಾನುವಾರ ಬೆಳಿಗ್ಗೆ ಹತ್ತೂವರೆಗೆ ಅದೇ ಕೊಠಡಿಯಲ್ಲಿ ಕೊನೆಯ ಅಧ್ಯಾಯ ಓದುತ್ತೇವೆ. ಹನ್ನೊಂದನೇ ಕುರ್ಚಿ ಅವರೇ ತರಲಿ.